ನೂರಕ್ಕೆ ನೂರು

ಮನೆ ಗೋಕಾಕದಲ್ಲಿ, ಹೊಲ ಮೂಡಲಗಿ ಕಡೆ, ಅಕ್ಕನನ್ನು ಕೊಟ್ಟದ್ದು ಹುಕ್ಕೇರಿಗೆ. ಹೀಗೆ ಹರಿದು ಹಂಚಿಹೋದವನ ವಾರ ಅವನ ಕೈಯಲ್ಲಿ ಇರುವುದಿಲ್ಲ. ಹೊಲಕ್ಕೆ ಎಷ್ಟು ಹೊತ್ತಿಗೆ ಹೋಗಬೇಕೆಂದು ತ್ರೀಫೇಸ್ ಕರೆಂಟು ಹೇಳುತ್ತದೆ. ಯಾವ ದಿನ ರಜೆ ಹಾಕಬೇಕೆಂದು ಕಬ್ಬು ಕಡಿಯುವ ಗ್ಯಾಂಗಿನ ಮುಕಾದಮ ಹೇಳುತ್ತಾನೆ. ಉಳಿದ ಹೊತ್ತಿನಲ್ಲಿ ಏನು ಮಾಡಬೇಕೆಂಬುದನ್ನು ಮನೆಯವಳು ಹೇಳುತ್ತಾಳೆ. ಮೊದಲು ಇದೆಲ್ಲ ಎರಡೇ ತಾಲೂಕಿನ ತಾಪತ್ರಯವಾಗಿತ್ತು. ಗೋಕಾಕ ತಾಲೂಕು ಒಡೆದು ಮೂಡಲಗಿ ಬೇರೆಯಾದ ಮೇಲೆ, ಒಂದು ಹೆಜ್ಜೆಯೂ ಹೆಚ್ಚು ನಡೆಯದೆ ನಾನು ಮೂರು ತಾಲೂಕಿನ ಮನುಷ್ಯನಾದೆ. ಹೀಗೆ ಹೇಳಿಕೊಂಡರೆ ಕೆಲಸ ಬಹಳ ಇರುವವನಂತೆ ಕೇಳಿಸುತ್ತದೆ, ಅದಕ್ಕೇ ಹೇಳಿಕೊಳ್ಳುತ್ತೇನೆ.

ನೌಕರಿ ಒಂದು ಪತ್ತಿನ ಸಹಕಾರಿ ಸಂಘದಲ್ಲಿ, ವಸೂಲಿಯ ಕಡೆ. ಊರವರ ಬಾಕಿ ನೆನಪಿಸುವವನಿಗೆ ತನ್ನ ಬಾಕಿ ಮಾತ್ರ ನೆನಪಿರುವುದಿಲ್ಲ ಎಂಬುದು ಮನೆಯವರ ದೂರು. 1927ರಲ್ಲಿ ಬ್ಲೂಮಾ ಝೈಗಾರ್ನಿಕ್ ಎಂಬ ಮನಶ್ಶಾಸ್ತ್ರಜ್ಞೆ, ಮುಗಿಸಿದ ಕೆಲಸಕ್ಕಿಂತ ಅರ್ಧಕ್ಕೆ ಬಿಟ್ಟ ಕೆಲಸವೇ ತಲೆಯಲ್ಲಿ ಹೆಚ್ಚು ಉಳಿಯುತ್ತದೆ ಎಂದು ಪ್ರಯೋಗ ಮಾಡಿ ಬರೆದರು. ಅವರು ನಮ್ಮ ಸಂಘದ ಸಾಲಗಾರರಲ್ಲಿ ಒಬ್ಬರನ್ನಾದರೂ ಮಾತಾಡಿಸಿದ್ದರೆ ಆ ಪ್ರಬಂಧ ಅಲ್ಲಿಗೇ ನಿಲ್ಲುತ್ತಿತ್ತು.

ಕೆಲಸ ನೆನಪಿಸುವ ಆ್ಯಪ್ ಒಂದನ್ನು ನನ್ನ ಫೋನಿಗೆ ಹಾಕಿಕೊಟ್ಟವಳು ಮಗಳು. ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. 2025ರ ದೀಪಾವಳಿಗೆ ಊರಿಗೆ ಬಂದವಳಿಗೆ, ಅಪ್ಪ ಮನೆಯ ಕರೆಂಟು ಬಿಲ್ಲನ್ನು ಎರಡೆರಡು ಸಲ ಕಟ್ಟಿ, ಗ್ಯಾಸಿಗೆ ಒಂದು ಸಲವೂ ನಂಬರು ಹಚ್ಚದಿರುವುದು ಗೊತ್ತಾಯಿತು. ಕೈಯಿಂದ ಫೋನು ಕಸಿದುಕೊಂಡಳು.

"ಅಪ್ಪಾ, ನೀ ಇನ್ನ ತಲ್ಯಾಗ ಏನೂ ಇಟ್ಕೋಬ್ಯಾಡ. ಎಲ್ಲಾ ಇದರಾಗ ಹಾಕು. ತಲಿ ಖಾಲಿ ಇರ್ಲಿ."

"ಖಾಲಿ ಮಾಡಾಕ ಮದಲ ಒಳಗ ಏನರ ಇರಬೇಕಲ್ಲವಾ," ಅಂದಳು ಅವಳ ತಾಯಿ, ಒಲೆಯ ಕಡೆಯಿಂದಲೇ.

ತಲೆ ಖಾಲಿ ಮಾಡುವ ಈ ವಿದ್ಯೆಗೆ ದೊಡ್ಡ ಗುರು ಅಮೆರಿಕದ ಡೇವಿಡ್ ಅಲೆನ್. 2001ರಲ್ಲಿ 'ಗೆಟಿಂಗ್ ಥಿಂಗ್ಸ್ ಡನ್' ಎಂಬ ಪುಸ್ತಕ ಬರೆದ ಈತ ಹೇಳುವುದು ಇಷ್ಟೇ: ಕೆಲಸವನ್ನು ತಲೆಯಿಂದ ತೆಗೆದು ಪಟ್ಟಿಗೆ ಹಾಕು, ಮುಂದೆ ಮಾಡಬೇಕಾದ ಒಂದು ಹೆಜ್ಜೆ ಯಾವುದೆಂದು ಬರೆ, ವಾರಕ್ಕೊಮ್ಮೆ ಕೂತು ಪಟ್ಟಿಯನ್ನೆಲ್ಲ ನೋಡು. ಒಳ್ಳೆಯ ಮಾತೇ. ಆದರೆ ಪಟ್ಟಿ ಬರೆಯುವ ಸುಖ ಒಮ್ಮೆ ಹತ್ತಿತೆಂದರೆ ಕೆಲಸ ಮಾಡಲು ಹೊತ್ತು ಸಿಗುವುದಿಲ್ಲ ಎಂದು ಆತ ಯಾವ ಪುಟದಲ್ಲಿ ಬರೆದಿದ್ದಾನೋ, ನನ್ನ ಕಣ್ಣಿಗಂತೂ ಬೀಳಲಿಲ್ಲ.

ನವೆಂಬರಿನ ಮೊದಲ ರವಿವಾರ ಊಟ ಮುಗಿಸಿ ಕೂತವನು ದೀಪ ಹಚ್ಚುವ ತನಕ ಏಳಲಿಲ್ಲ. ವಾರವನ್ನು ಕಟ್ಟಿದೆ. ಹೊಲದ ಕೆಲಸಕ್ಕೆ ಹಸಿರು ಬಣ್ಣ, ಸೊಸೈಟಿಗೆ ಕೆಂಪು, ನೆಂಟರಿಗೆ ಹಳದಿ. ಹೆಂಡತಿ ಬಗ್ಗಿ ನೋಡಿ "ನಂದ್ಯಾವ ಬಣ್ಣರೀ?" ಅಂದಳು. ಉಳಿದದ್ದು ಬೂದಿ ಬಣ್ಣ ಒಂದೇ. ರಾತ್ರಿ ಊಟಕ್ಕೆ ಬಿಸಿ ರೊಟ್ಟಿ ಇರಲಿಲ್ಲ.

ಒಂದು ಕೆಲಸದೊಳಗೆ ಮರಿ ಕೆಲಸಗಳನ್ನು ಹಾಕಬಹುದೆಂದು ಗೊತ್ತಾದ ಮೇಲಂತೂ ನನ್ನನ್ನು ಹಿಡಿಯುವವರಿಲ್ಲದಾಯಿತು. ಬುಧವಾರ ಅಕ್ಕನ ಮನೆಗೆ ಹೋಗುವುದಿತ್ತು. ಅವಳ ಮಗಳು ಬಾಣಂತನಕ್ಕೆ ಬಂದಿದ್ದಳು, ಕರದಂಟು ಒಯ್ಯಬೇಕು. ಗೋಕಾಕದವನು ಬಾಣಂತಿಯ ಮನೆಗೆ ಕರದಂಟಿಲ್ಲದೆ ಹೋದರೆ ಚಪ್ಪಲಿ ಬಿಡುವ ಮೊದಲೇ ಮರ್ಯಾದೆ ಹೋಗಿರುತ್ತದೆ. ಅದಕ್ಕೆ ನಾನು ಬರೆದ ಮರಿ ಕೆಲಸಗಳು: ಅಂಗಡಿಗೆ ಹೋಗುವುದು. ಅರ್ಧ ಕಿಲೋನೋ ಒಂದು ಕಿಲೋನೋ ತೀರ್ಮಾನಿಸುವುದು. ಅಂಟು ಎಷ್ಟಿದೆ, ಬರೇ ಕೊಬ್ಬರಿ ತುರುಕಿದ್ದಾರೋ ನೋಡುವುದು. ರೊಕ್ಕ ಕೊಡುವುದು. ಚಿಲ್ಲರೆ ಎಣಿಸುವುದು. ಚೀಲದಲ್ಲಿ ಇಡುವುದು. ಮುಗಿದ ಕೆಲಸದ ಮುಂದೆ ಟಿಕ್ ಹಾಕಿದರೆ ಫೋನು ಸಣ್ಣಗೆ ಟಿಣ್ ಎನ್ನುತ್ತದೆ, ಆ ಸಾಲು ಮಾಯವಾಗುತ್ತದೆ. ವಸೂಲಿಯವನ ಜೀವಮಾನದಲ್ಲಿ ಬಾಕಿ ಇಷ್ಟು ಸಲೀಸಾಗಿ ತೀರಿದ್ದನ್ನು ನಾನು ಕಂಡಿರಲಿಲ್ಲ. ಟಿಣ್ ಕೇಳುವ ಆಸೆಗೆ, ಆಗಲೇ ಮಾಡಿ ಮುಗಿಸಿದ್ದನ್ನೂ ಬರೆದು ಟಿಕ್ ಹಾಕತೊಡಗಿದೆ. ಚಹಾ ಕುಡಿಯುವುದು, ಟಿಣ್. ಇನ್ನೊಂದು ಚಹಾ ಕುಡಿಯುವುದು: ಅದಕ್ಕೆ ಅಡುಗೆಮನೆಯಿಂದ ಮಂಜೂರಾತಿ ಸಿಗಲಿಲ್ಲ.

ಮುಂದೂಡುವ ಗುಂಡಿಯೂ ಒಂದಿದೆ. ಕೆಲಸ ಬಂದು ಎದುರು ನಿಂತರೆ ಅದನ್ನು ಒತ್ತಿದರಾಯಿತು, ಮರುದಿನಕ್ಕೆ ಹೋಗುತ್ತದೆ. ನಾವು ಸಣ್ಣವರಿದ್ದಾಗ ದೆವ್ವ ಬರುತ್ತದೆಂದು ಮನೆಮನೆಯ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿದ್ದರಲ್ಲ, ಅದೇ ವಿದ್ಯೆ. ದೆವ್ವಕ್ಕೆ ಓದು ಬರುತ್ತಿತ್ತು, ಓದಿ ಮರ್ಯಾದೆಯಿಂದ ಹಿಂದೆ ಹೋಗುತ್ತಿತ್ತು. ಗ್ಯಾಸ್ ಸಿಲಿಂಡರಿಗೆ ಓದು ಬರುವುದಿಲ್ಲ.

ರವಿವಾರದ ಪಟ್ಟಿಯ ಕೊನೆಗೆ, ಎಲ್ಲಿಯೋ ಓದಿದ ನೆನಪಿನಿಂದ, 'ವಿಶ್ರಾಂತಿ: ಸಂಜೆ 5ರಿಂದ 6, ಗೋಕಾಕ ಫಾಲ್ಸ್' ಎಂದೂ ಹಾಕಿದ್ದೆ. ಪಟ್ಟಿ ಮುಗಿಯುವಷ್ಟರಲ್ಲಿ ಏಳಾಗಿತ್ತು. ವಿಶ್ರಾಂತಿ ಬಾಕಿ ಎಂದು ಫೋನು ಕೆಂಪಗೆ ತೋರಿಸಿತು. ಅಲ್ಲಿಗೆ ಹೋಗಿದ್ದರೂ ನವೆಂಬರಿನಲ್ಲಿ ನೋಡುವುದೇನಿದೆ? ಮಳೆಗಾಲದಲ್ಲಿ 52 ಮೀಟರ್ ಮೇಲಿಂದ ಕೆಂಪು ನೀರು ಒಂದೇ ಸಮನೆ ಬೀಳುವುದನ್ನು ನೋಡಿದವನಿಗೆ ಆಮೇಲಿನದು ಬಂಡೆಯ ಮೇಲಿನ ಜರಿಯಂಚು. ಆ ನೀರನ್ನು ನಂಬಿ 1885ರಲ್ಲಿ ನೂಲಿನ ಗಿರಣಿ ಕಟ್ಟಿದರು, 1887ರಲ್ಲೇ ಅದರಿಂದ ಕರೆಂಟು ತೆಗೆದರು. ಅಷ್ಟು ಹಿಂದೆ ಹೊರಟ ಕರೆಂಟು ನಮ್ಮ ಹೊಲಕ್ಕೆ ಮಾತ್ರ ಇಂದಿಗೂ ಪಾಳಿಯಲ್ಲಿ ಬರುತ್ತದೆ: ಒಂದು ವಾರ ಹಗಲು, ಒಂದು ವಾರ ರಾತ್ರಿ.

ಸೋಮವಾರದ ಹಸಿರು ಸಾಲು 'ಕಬ್ಬು ಕಟಾವು' ಎಂದಿತ್ತು. ಆ ವಾರ ಕಬ್ಬು ಕಟಾವು ಎಂದು ಬರೆದ ಮನುಷ್ಯ ಬೆಳಗಾವಿ ಜಿಲ್ಲೆಯಲ್ಲಿ ನಾನೊಬ್ಬನೇ ಇದ್ದಿರಬೇಕು. ಅಕ್ಟೋಬರ್ ಕೊನೆಯಿಂದಲೇ ರೈತರು ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರಸ್ತೆಗೆ ಕೂತಿದ್ದರು. ಟನ್ನಿಗೆ 3,500 ರೂಪಾಯಿ ಕೊಡುವ ತನಕ ಏಳುವುದಿಲ್ಲ ಎಂಬ ಹಟ. ಕೂತವರಲ್ಲಿ ನಮ್ಮ ಅಣ್ಣನೂ ಒಬ್ಬ. ಅವನ ಹತ್ತಿರ ಸಹಿ ಮಾಡಿಸುವುದೊಂದಿತ್ತು, ಅದಕ್ಕೂ ಒಂದು ಸಾಲು, ಹನ್ನೊಂದು ಗಂಟೆಗೆ. ಲೋಳಸೂರ ಸೇತುವೆ ದಾಟಿ, ಕಲ್ಲೋಳಿ ದಾಟಿ ಹೋದೆ. ಮುಂದೆ ರಸ್ತೆಯೇ ಇಲ್ಲ, ಬರೇ ಜನ. ಹಸಿರು ಶಾಲು, ಟ್ರ್ಯಾಕ್ಟರು, ಜಮಖಾನೆ, ಒಂದು ಕಡೆ ಒಲೆ ಹೂಡಿ ದೊಡ್ಡ ಪಾತ್ರೆಯಲ್ಲಿ ಏನೋ ಕುದಿಯುತ್ತಿತ್ತು. ಮೋಟಾರ್ ಸೈಕಲ್ ಬಿಟ್ಟು ನಡೆದೆ.

ಅಣ್ಣನ ಪಕ್ಕ ನಮ್ಮ ಹೊಲಕ್ಕೆ ಹೊಂದಿದ ಹೊಲದ ಕಾಕಾ. ಅವರ ಪಕ್ಕ ಒಬ್ಬ ಮುದುಕರು ಅಂಗೈ ಮೇಲೆ ಬೆರಳಿನಿಂದಲೇ ಲೆಕ್ಕ ಬರೆಯುತ್ತಿದ್ದರು. "ಎಫ್‌ಆರ್‌ಪಿ ಅಂದ್ರ ಸರಕಾರ ಕಟ್ಟಿದ ಕಬ್ಬಿನ ದರ, ಕ್ವಿಂಟಾಲಿಗೆ 355. ಯಾವ ಸಕ್ಕರಿ ರಿಕವರಿಗಿ? ಹತ್ತ ಪಾಯಿಂಟ್ ಇಪ್ಪತ್ತೈದಕ್ಕ. ನಂದ ರಿಕವರಿ ಎಷ್ಟಂತ ತೂಕ ಮಾಡಾವ ಹೇಳಬೇಕು, ಅಂವ ಹೇಳೂದಿಲ್ಲ. ಅದರಾಗ ಕಡಿಯೂದು, ಸಾಗ್ಸೂದು ಕಳಿ. ಉಳದದ್ದ ಹೇಳು." ನಾನು ಫೋನು ತೆಗೆದು ಕ್ಯಾಲ್ಕುಲೇಟರ್ ಹುಡುಕುವಷ್ಟರಲ್ಲಿ ಅವರೇ ಹೇಳಿ, ಅಂಗೈ ಒರೆಸಿಕೊಂಡು, ಮುಂದಿನ ಲೆಕ್ಕಕ್ಕೆ ಹೋಗಿಬಿಟ್ಟಿದ್ದರು.

ಸಹಿಯಾಯಿತು, ಟಿಣ್. ಅಣ್ಣ ನನ್ನ ಫೋನಿನ ಕಡೆ ಅನುಮಾನದಿಂದ ನೋಡಿದ.

"ಏನಪಾ ಅದು?"

ವಾರದ ಪಟ್ಟಿ ತೋರಿಸಿದೆ. ಬಣ್ಣಗಳನ್ನು ವಿವರಿಸಿದೆ. ತುರ್ತು ಮತ್ತು ಮುಖ್ಯ, ತುರ್ತಲ್ಲದ್ದು ಆದರೆ ಮುಖ್ಯ, ಎಂದು ಕೆಲಸಗಳನ್ನು ನಾಲ್ಕು ಮನೆ ಮಾಡಿ ಹಂಚುವ ಕ್ರಮವನ್ನೂ ಹೇಳಿದೆ. ಅಲ್ಲಿ ರಸ್ತೆಯ ಮೇಲೆ ಊಟ ನಿದ್ದೆ ಎಲ್ಲ ಮಾಡುತ್ತಿದ್ದವರ ಎದುರು ಇದನ್ನೆಲ್ಲ ಹೇಳುವುದಕ್ಕೆ ನನಗೆ ನಾಚಿಕೆ ಯಾಕೆ ಬರಲಿಲ್ಲವೋ. ಕಾಕಾ ಸಮಾಧಾನದಿಂದ ಪೂರ್ತಿ ಕೇಳಿದರು. "ನಮ್ಮ ಹೋರಾಟ ಯಾವ ಮನ್ಯಾಗ ಬರತೈತಿ ತಮ್ಮಾ?" ಅಂದರು. ನೋಡಿ ಹೇಳುತ್ತೇನೆ ಎಂದೆ.

ಅಣ್ಣ ತನ್ನ ಕಿಸೆಯಿಂದ ಗುಂಡಿ ಒತ್ತುವ ಹಳೇ ಫೋನು ತೆಗೆದ. ಬಾವಿಯ ಮೋಟಾರಿಗೆ ಅವನು ಮೊಬೈಲ್ ಸ್ಟಾರ್ಟರ್ ಕೂಡಿಸಿದ್ದಾನೆ. ಡಬ್ಬಿಯೊಳಗೊಂದು ಸಿಮ್ ಇರುತ್ತದೆ. ಎಲ್ಲಿಂದಲಾದರೂ ಅದಕ್ಕೆ ಫೋನು ಹಚ್ಚಿದರೆ ಮೋಟಾರು ಚಾಲೂ, ಇನ್ನೊಮ್ಮೆ ಹಚ್ಚಿದರೆ ಬಂದ್. ಕರೆಂಟು ಬಂದರೆ ಅದೇ ಇವನಿಗೆ ಫೋನು ಹಚ್ಚಿ ಹೇಳುತ್ತದೆ. "ನನ್ನ ಮೋಟಾರ ಒಂದ ಕೆಲಸ ಮಾಡತೈತಿ, ಅದನ್ನ ಹೇಳಿ ಮಾಡತೈತಿ," ಅಂದ. ಪಟ್ಟಿಯಿಲ್ಲ, ಬಣ್ಣವಿಲ್ಲ, ಟಿಣ್ ಕೂಡ ಇಲ್ಲ. ನನಗೆ ಅವನ ಮೇಲೆ ಕನಿಕರ ಬಂತು.

"ನಾ ಇಲ್ಲಿಂದ ಏಳೂ ತನಕ ನೀರಿನ ಜವಾಬ್ದಾರಿ ನಿಂದು. ಗುರುವಾರ ರಾತ್ರಿ ಆಳ ಬಂದು ಕಡೀ ಪಟ್ಟಿಗಿ ನೀರ ತಿರುವಿ ಮನಿಗಿ ಹೋಗ್ತಾನು. ಎರಡಕ್ಕ ಎದ್ದು ಮೋಟಾರಿಗಿ ಫೋನ್ ಹಚ್ಚಿ ಬಂದ್ ಮಾಡು. ಇಷ್ಟ. ಆಗತೈತೇನು?"

ಆಗುತ್ತದೆಯೇ ಎಂದು ಕೇಳಿದ್ದು ನನಗೆ ಸ್ವಲ್ಪ ಚುಚ್ಚಿತು. ಅವನ ಎದುರೇ ಬರೆದು ತೋರಿಸಿದೆ: ಗುರುವಾರ, ಮೋಟಾರ್ ಬಂದ್, ರಾತ್ರಿ 2. ಹಸಿರು. ಮೇಲೊಂದು ಬಾವುಟ.

ಬುಧವಾರ ಗೌರಿ ಹುಣ್ಣಿಮೆ. ನಮ್ಮ ಕಡೆ ಹೆಣ್ಣುಮಕ್ಕಳು ಸಂಜೆ ಸಕ್ಕರೆ ಆರತಿ ಹಿಡಿದು ಗೌರಿಗೆ ಬೆಳಗಲು ಹೋಗುತ್ತಾರೆ. ಅಚ್ಚಿನಲ್ಲಿ ಹೊಯ್ದ ಆನೆ, ಒಂಟೆ, ತೇರು, ಎಲ್ಲ ಸಕ್ಕರೆಯವೇ. ಕಬ್ಬು ಹೊಲದಲ್ಲಿ ನಿಂತಿತ್ತು, ಬೆಳೆದವರು ರಸ್ತೆಯಲ್ಲಿ ಕೂತಿದ್ದರು, ಸಕ್ಕರೆ ಮಾತ್ರ ಒಂಟೆಯಾಗಿ ತಟ್ಟೆ ಏರಿತ್ತು.

ನಾನು ಹುಕ್ಕೇರಿಯ ಬಸ್ಸು ಹತ್ತಿದ್ದೆ. ಈ ಆ್ಯಪ್ ಊರು ನೋಡಿ ನೆನಪಿಸುವುದನ್ನೂ ಬಲ್ಲದು. ಇಂಥ ಜಾಗ ಮುಟ್ಟಿದಾಗ ಇಂಥ ಕೆಲಸ ಹೇಳು ಎಂದರೆ ಸರಿಯಾಗಿ ಅಲ್ಲಿಯೇ ಹೇಳುತ್ತದೆ. ಹೇಳಿತು. ಘಟಪ್ರಭಾ ದಾಟಿ, ಬಸ್ಸು ಹುಕ್ಕೇರಿ ಸ್ಟ್ಯಾಂಡಿನಲ್ಲಿ ತಿರುವು ತೆಗೆದುಕೊಳ್ಳುವ ಹೊತ್ತಿಗೆ ಕಿಸೆಯಲ್ಲಿ ಗುಂಯ್ ಎಂದಿತು: 'ಕರದಂಟು ಕೊಳ್ಳುವುದು.' ಕೊಡುವ ಊರನ್ನು ಕೊಳ್ಳುವ ಕೆಲಸದ ಮುಂದೆ ಹಾಕಿದ್ದೆ. ಕೆಳಗೆ ಮರಿ ಕೆಲಸಗಳು ಸಾಲಾಗಿ ನಿಂತಿದ್ದವು: ಅಂಗಡಿಗೆ ಹೋಗುವುದು, ಅರ್ಧ ಕಿಲೋನೋ ಒಂದು ಕಿಲೋನೋ.

ಅಲ್ಲಿಯೇ ಒಂದು ಬೇಕರಿಯಲ್ಲಿ ಡಬ್ಬಿ ಸಿಕ್ಕಿತು. ಮೇಲೆ ದೊಡ್ಡಕ್ಷರದಲ್ಲಿ 'ಗೋಕಾಕ ಕರದಂಟು' ಎಂದಿತ್ತು, ಮಾನ ಉಳಿಯಿತು ಎಂದುಕೊಂಡೆ. ಅಕ್ಕ ಡಬ್ಬಿಯನ್ನು ಕೈಯಲ್ಲಿ ಹಿಡಿದು ತೂಗಿದಳು, ಮುಚ್ಚಳದ ಮೂಲೆಯಲ್ಲಿದ್ದ ಬೇಕರಿಯ ಬೆಲೆಚೀಟಿಯ ಮೇಲೆ ಉಗುರು ಆಡಿಸಿದಳು.

"ಏನೋ ತಮ್ಮಾ, ನಿಮ್ಮೂರ ಕರದಂಟ ನಮ್ಮೂರಾಗ ತಗೊಂಡು ನನಗs ಕೊಡಾಕ ಬಂದೀ? ಆ ಅಂಗಡಿ ನಮ್ಮ ಓಣಿ ತುದ್ಯಾಗ ಐತಿ. ನಾ ಹೋಗಿ ತರ್ತಿದ್ನೆಲ್ಲೋ."

ಒಳಗೆ ಬಾಣಂತಿ ನಕ್ಕದ್ದು ಕೇಳಿಸಿತು, ನಗು ಕೇಳಿ ಕೂಸು ಎದ್ದು ಅತ್ತಿತು, ಕೂಸು ಎದ್ದದ್ದೂ ನನ್ನ ಲೆಕ್ಕಕ್ಕೇ ಬಂತು.

ಮಾತು ಬದಲಿಸಲು ಭಾವನ ಹತ್ತಿರ ಕರೆಂಟಿನ ವಿಷಯ ತೆಗೆದೆ. ಭಾವ ತಮ್ಮ ವಾಟ್ಸ್ಆ್ಯಪ್ ಗುಂಪಿಗೆ ಬಂದಿದ್ದ ತಃಖ್ತೆಯನ್ನು ತೋರಿಸಿದರು. ಯಾವ ಕಡೆಗೆ ಎಷ್ಟು ಗಂಟೆಯಿಂದ ಎಷ್ಟು ಗಂಟೆಯ ತನಕ ತ್ರೀಫೇಸ್, ಎಲ್ಲ ಗೆರೆ ಹೊಡೆದು ಬರೆದದ್ದು. ಅಷ್ಟು ಚಂದದ ತಃಖ್ತೆ ನೋಡಿ ಬಿಟ್ಟುಬರುವ ಮನುಷ್ಯ ನಾನಲ್ಲ. ಬಸ್ಸಿನಲ್ಲಿ ಕೂತು ಅದನ್ನು ಸಾಲುಸಾಲಾಗಿ ಆ್ಯಪಿಗೆ ಇಳಿಸಿದೆ. ಗುರುವಾರ ರಾತ್ರಿ: ಎರಡು ಗಂಟೆಗೆ ಕರೆಂಟು ಬಂದ್.

ಗುರುವಾರ ಹಾಸಿಗೆಯ ಮೇಲೆ ಕೂತು ಪಟ್ಟಿ ನೋಡಿದರೆ ಉಳಿದದ್ದು ಒಂದೇ ಸಾಲು, ಬಾವುಟದ ಸಾಲು. ನಾನು ವಿಚಾರ ಮಾಡಿದೆ. (ಇದು ನನ್ನ ಮನೆಯಲ್ಲಿ ಯಾವಾಗಲೂ ಅಪಾಯದ ಸೂಚನೆ.) ಎರಡಕ್ಕೆ ಕರೆಂಟೇ ಹೋಗುವುದಾದರೆ ಮೋಟಾರು ತಾನೇ ನಿಲ್ಲುತ್ತದೆ. ಹೋಗುವ ಕರೆಂಟನ್ನು ನಡುರಾತ್ರಿ ಎದ್ದು ಕೂತು ನಾನು ಬೀಳ್ಕೊಡುವುದು ಯಾಕೆ? ಅಣ್ಣನಿಗೆ ತಃಖ್ತೆ ಗೊತ್ತಿಲ್ಲ, ಅದಕ್ಕೇ ಹಾಗೆ ಹೇಳಿದ್ದಾನೆ. ಟಿಕ್ ಹಾಕಿದೆ.

ಟಿಣ್. ಪರದೆಯ ತುಂಬ ಬಣ್ಣದ ಚೂರುಗಳು ಉದುರಿದವು. ಇವತ್ತಿನ ಕೆಲಸವೆಲ್ಲ ಮುಗಿಯಿತು, ಇನ್ನು ಆರಾಮ ಮಾಡಿ ಎಂದು ಫೋನು ಹೇಳಿತು. ಮದುವೆಯಾದಾಗಿನಿಂದ ಈ ಮಾತು ನನಗೆ ಯಾರೂ ಹೇಳಿರಲಿಲ್ಲ. ಟಿಕ್ ಬಿದ್ದ ಕೆಲಸಕ್ಕೆ ಗಂಟೆ ಬಾರಿಸುವುದಿಲ್ಲ, ಅದು ಆ್ಯಪಿನ ಧರ್ಮ. ನಿದ್ದೆಯ ಹೊತ್ತಿನಲ್ಲಿ ಫೋನುಗಳು ಬಂದರೆ ಸದ್ದು ಮಾಡಬೇಡ ಎಂದು ನಾನೇ ಬೇರೆ ಹೇಳಿಟ್ಟಿದ್ದೆ. ಅಂಥ ನಿದ್ದೆ ಆ ವರ್ಷ ಇನ್ನೊಮ್ಮೆ ಬರಲಿಲ್ಲ.

ಹುಕ್ಕೇರಿ ತಾಲೂಕಿಗೆ ಕರೆಂಟು ಹಂಚುವುದು 1969ರಲ್ಲಿ ಕಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಅಂಥದ್ದು ಕರ್ನಾಟಕದಲ್ಲಿ ಅದೊಂದೇ. ಅದರ ಪಾಳಿ ಅದರದ್ದು, ಅದರ ತಃಖ್ತೆ ಅದರದ್ದು. ಮೂಡಲಗಿಯ ಕಂಬಗಳಿಗೂ ಅದಕ್ಕೂ ಕೊಡುವ ತಗೊಳ್ಳುವ ಸಂಬಂಧವಿಲ್ಲ. ಸಹಕಾರಿ ಸಂಘದಲ್ಲೇ ಅನ್ನ ತಿನ್ನುವ ನಾನು ಇದನ್ನು ವರ್ಷಗಳಿಂದ ಬಲ್ಲೆ. ಆದರೆ ಬಲ್ಲದ್ದನ್ನೆಲ್ಲ ತಲೆಯಿಂದ ತೆಗೆದು ಖಾಲಿ ಇಟ್ಟುಕೊಳ್ಳಬೇಕೆಂದು ಮಗಳು ಹೇಳಿದ್ದಳಲ್ಲ.

ನಮ್ಮ ಹೊಲದ ಕರೆಂಟು ಬೆಳಗಿನ ಜಾವದ ತನಕ ಹೋಗಲಿಲ್ಲ. ಕಾಲುವೆ ಬಸಿಯುವ ಕಾಲ, ಬಾವಿ ತುಂಬಿತ್ತು. ಮೋಟಾರು ಒಂದು ಮಾತೂ ಆಡದೆ ಎತ್ತಿ ಎತ್ತಿ ಹಾಕಿತು. ಕೊನೆಯ ಪಟ್ಟಿ ತುಂಬಿ, ಒಡ್ಡು ಒಡೆದು, ನೀರು ಇಳಿಜಾರು ಹುಡುಕಿಕೊಂಡು ಕಾಕಾನ ಹೊಲಕ್ಕೆ ಹೋಯಿತು. ಅಲ್ಲಿ ಕಣದಲ್ಲಿ ಗೋವಿನಜೋಳ ಹರವಿತ್ತು. ಕಾಯಬೇಕಾದ ಕಾಕಾ ಗುರ್ಲಾಪುರದಲ್ಲಿದ್ದರು.

ಫೋನಿನಲ್ಲಿ ಆಳಿನ ಮಿಸ್ ಕಾಲ್‌ಗಳು ಸಾಲುಗಟ್ಟಿದ್ದನ್ನು ನೋಡಿ ನಾನು ಹೋಗಿ ಮುಟ್ಟಿದಾಗ ಬಿಸಿಲೇರಿತ್ತು. ಮಂಜು ಬೀಳಬಾರದೆಂದು ಕಾಳಿನ ಮೇಲೆ ಹೊದಿಸಿದ್ದ ತಾಡಪತ್ರಿ ಮೇಲೆಲ್ಲ ಬೆಚ್ಚಗೆ, ಒಣಗಿ, ಅಚ್ಚುಕಟ್ಟಾಗಿತ್ತು. ಅಂಚು ಎತ್ತಿದೆ. ಕೆಳಗೆ ಹಾಸಿದ್ದ ತಾಡಪತ್ರಿಯ ಮೇಲೆ ನೀರು ಹೊರಗೆ ಹೋಗಲು ದಾರಿಯಿಲ್ಲದೆ ನಿಂತಿತ್ತು. ಅದರೊಳಗೆ ಹಳದಿ ಕಾಳು, ಒಂದೊಂದೂ ಉಬ್ಬಿ ಹೊಳೆಯುತ್ತಿತ್ತು. ಕೈ ಹಾಕಿದರೆ ಮೊಣಕೈ ತನಕ ತಣ್ಣಗೆ. ಸುತ್ತ ಕೊಕ್ಕರೆಗಳು ನನಗಿಂತ ಮೊದಲೇ ಬಂದು ಹುಳ ಹೆಕ್ಕುತ್ತಿದ್ದವು, ನನ್ನನ್ನು ನೋಡಿ ಹಾರುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ.

ಅಂದೇ, ನವೆಂಬರ್ 7ರ ಶುಕ್ರವಾರ, ಟನ್ನಿಗೆ 3,300 ಎಂದು ಸರಕಾರ ಹೇಳಿತು. ಕೇಳಿದ್ದಕ್ಕಿಂತ ಇನ್ನೂರು ಕಡಿಮೆ, ಮೊದಲಿದ್ದದ್ದಕ್ಕಿಂತ ಹೆಚ್ಚು. ಗುಲಾಲು ಮೆತ್ತಿದ ಮುಖದಲ್ಲಿ ಅಣ್ಣನೂ ಕಾಕಾನೂ ಊರಿಗೆ ಬಂದರು. ಮರುದಿನ ಬೆಳಿಗ್ಗೆ ಅವರು ಹೊಲಕ್ಕೆ ಬಂದಾಗ ನಾನು ಧೋತರ ಎತ್ತಿ ಕಟ್ಟಿ, ಕಾಲಿನಿಂದ ಜೋಳ ತಿರುವುತ್ತಿದ್ದೆ. ಕಾಕಾ ಬಾಯಿ ಬಿಡಲಿಲ್ಲ. ಒಂದು ಹಿಡಿ ಕಾಳು ಎತ್ತಿ ಮೂಸಿ ನೋಡಿ ಕೆಳಗೆ ಹಾಕಿದರು. ಅಣ್ಣ ಬೈಯಲು ಉಸಿರು ಎಳೆದುಕೊಳ್ಳುವಷ್ಟರಲ್ಲಿ ನನ್ನ ಕಿಸೆಯಲ್ಲಿ ಫೋನು ಬಡಿದುಕೊಂಡಿತು. ಮಗಳು. ಕೈ ಕೆಸರಾಗಿದ್ದರಿಂದ ಸ್ಪೀಕರಿಗೆ ಹಾಕಿದೆ. ಆ್ಯಪಿಗೆ ಅವಳದೇ ಇಮೇಲ್ ಕೊಟ್ಟಿದ್ದರಿಂದ ವಾರದ ವರದಿ ಅವಳಿಗೆ ಹೋಗಿತ್ತು.

"ಅಪ್ಪಾ! ಈ ವಾರದ್ದು ಎಲ್ಲಾ ಮುಗಿಸೀ ನೋಡು! ನೂರಕ್ಕ ನೂರ! ಒಂದ ಕಪ್ ಕೊಟ್ಟೈತಿ ನಿನಗ, ಬಂಗಾರದ್ದು. ನೋಡಿದಿಲ್ಲ?"

ಯಾರೂ ಮಾತಾಡಲಿಲ್ಲ. ಕಾಕಾ ಬಗ್ಗಿ, ನನ್ನ ಫೋನಿನಲ್ಲಿ ಹೊಳೆಯುತ್ತಿದ್ದ ಕಪ್ಪನ್ನು ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು.

"ಚಲೋ ಆತು ತಮ್ಮಾ," ಅಂದರು. "ಆ ಕಪ್ಪಿನ್ಯಾಗ ನೀರ ತುಂಬಿ ತುಂಬಿ ಆಚೀಕಡಿ ಚೆಲ್ಲು."